ಹವ್ಯಾಸಿ ಛಾಯಾಗ್ರಾಹಕರ ಸಂಘಗಳೂ ಅವುಗಳ ಸ್ಪರ್ಧೆಗಳೂ

ಯಾವ ವಿದ್ಯೆಯ ಸಾಧನಗಳು ಸುಲಭವಾಗುವುವೋ ಆ ವಿದ್ಯೆಯಲ್ಲಿ ಅಲಕ್ಷ್ಯವೂ ಹೆಚ್ಚುವುದು ಲೋಕದಲ್ಲಿ ಕಾಣಬರುವ ಸಂಗತಿ. ಛಾಯಾಚಿತ್ರದ ವಿದ್ಯೆಯೂ ಇದಕ್ಕೆ ಹೊರತಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮನೆಯಲ್ಲೊಂದು ಫೋಟೋ ಆಗಬೇಕಾದರೆ ಮದುವೆಯೋ ಮುಂಜಿಯೋ ಒದಗಬೇಕಾಗಿತ್ತು. ಪೇಟೆಯ ಸ್ಟುಡಿಯೋದವನು ಮುಕ್ಕಾಲಿಯ ಮೇಲೆ ಪೆಟ್ಟಿಗೆಯನ್ನು ಹೂಡಿ, ಕರಿಯ ಬಟ್ಟೆಯೊಳಗೆ ತಲೆಯನ್ನು ಮರೆಸಿಕೊಂಡು ನಿಂತರೆ, ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದರು. ಇಂದಾದರೋ ಕೂಸಿನ ಮೊದಲ ನಗೆಯಿಂದ ಹಬ್ಬದೂಟದ ಎಲೆಯವರೆಗೆ ಸಮಸ್ತವೂ ಅಂಗೈಯೊಳಗಿನ ಮೊಬೈಲಿನಲ್ಲಿಯೇ ಚಿತ್ರವಾಗುತ್ತಿದೆ. ಆದರೆ ಹಾಗೆ ತೆಗೆದ ನೂರು ಚಿತ್ರಗಳಲ್ಲಿ ಎರಡನೆಯ ಸಲ ನೋಡಬೇಕೆನ್ನಿಸುವುವು ಎಷ್ಟು? ಹತ್ತು ವರ್ಷಗಳ ತರುವಾಯ ಮನೆಯಲ್ಲಿ ಉಳಿದಿರತಕ್ಕವು ಎಷ್ಟು?

ಈ ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಂಡವರಿಗೆ ಒಂದು ಒಳ್ಳೆಯ ಆಶ್ರಯವುಂಟು. ಅದೇ ಹವ್ಯಾಸಿ ಛಾಯಾಗ್ರಾಹಕರ ಸಂಘ. ಹಣಕ್ಕಾಗಿ ಅಲ್ಲದೆ ಪ್ರೀತಿಗಾಗಿ ಚಿತ್ರ ತೆಗೆಯುವವರು ಒಂದೆಡೆ ಕಲೆತು, ತಮ್ಮ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿ, ತಪ್ಪು ಒಪ್ಪುಗಳನ್ನು ವಿಮರ್ಶಿಸಿಕೊಳ್ಳುವ ಈ ಸಂಸ್ಥೆಗಳು ಹೇಗೆ ಹುಟ್ಟಿದುವು, ಅವುಗಳಲ್ಲಿ ನಡೆಯುವುದೇನು, ಅವುಗಳ ಸ್ಪರ್ಧೆಗಳಲ್ಲಿ ಗೆಲ್ಲುವುದೆಂದರೇನು ಎಂಬುದನ್ನು ನಮ್ಮ ವಾಚಕರಿಗೆ ಇಲ್ಲಿ ಸಂಗ್ರಹವಾಗಿ ತಿಳಿಸಬೇಕೆಂದಿದ್ದೇವೆ.

ಸಂಘಗಳ ಹುಟ್ಟು

ಫ್ರಾನ್ಸಿನ ಡಾಗೇರ್ ಎಂಬಾತನ ವಿಧಾನವು ೧೮೩೯ನೆಯ ಆಗಸ್ಟ್ ೧೯ರಂದು ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾಯಿತು. ೧೮೫೧ರಲ್ಲಿ ಆರ್ಚರ್ ಎಂಬ ಆಂಗ್ಲೇಯನು ಕಲೋಡಿಯನ್ ವಿಧಾನವನ್ನು ಪ್ರಕಟಿಸಿದನು. ಇದರಲ್ಲಿ ಗಾಜಿನ ಹಲಗೆಗೆ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಆರುವುದರೊಳಗಾಗಿಯೇ ಚಿತ್ರವನ್ನು ತೆಗೆದು ತೊಳೆದು ಮುಗಿಸಬೇಕಾಗಿತ್ತು. ಆದುದರಿಂದ ಹೊರಗೆ ಹೊರಟವನು ಗುಡಾರವನ್ನೂ ಔಷಧಿಯ ಶೀಸೆಗಳನ್ನೂ ನೀರಿನ ಪಾತ್ರೆಯನ್ನೂ ಹೊರಿಸಿಕೊಂಡೇ ಹೋಗಬೇಕು. ಇಷ್ಟು ತೊಡಕಿನ ವಿದ್ಯೆಯನ್ನು ಒಬ್ಬನೇ ಕುಳಿತು ಕಲಿಯುವುದು ದುಸ್ಸಾಧ್ಯ. ಒಬ್ಬನು ಕಂಡುಕೊಂಡ ಉಪಾಯವು ಇನ್ನೊಬ್ಬನಿಗೆ ಬೇಕಾಯಿತು. ಹೀಗೆ ಸಂಘಗಳು ಹುಟ್ಟಿದುವು.

ಲಂಡನ್ನಿನ ಸಂಘವು ೧೮೫೩ರಲ್ಲಿ ಏರ್ಪಟ್ಟಿತು. ನಮ್ಮ ದೇಶವು ಹಿಂದೆ ಬೀಳಲಿಲ್ಲವೆಂಬುದು ಹೆಮ್ಮೆಯ ವಿಷಯ. ಮಾರನೆಯ ವರ್ಷವೇ, ೧೮೫೪ರಲ್ಲಿ, ಮುಂಬಯಿಯಲ್ಲೊಂದು ಸಂಘವೂ, ೧೮೫೬ರಲ್ಲಿ ಕಲಕತ್ತೆಯಲ್ಲಿಯೂ ಮದರಾಸಿನಲ್ಲಿಯೂ ಸಂಘಗಳೂ ಸ್ಥಾಪಿತವಾದುವು. ಆ ದಿನಗಳ ಹವ್ಯಾಸಿಗಳಿಂದ ಕನ್ನಡನಾಡಿಗೆ ಆದ ಲಾಭವೂ ಅಲ್ಪವಲ್ಲ. ಲಿನ್ನೀಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಕಾಗದದ ನೆಗಟಿವುಗಳ ಮೇಲೆ ಚಿತ್ರಿಸಿ, ಮುಂದಿನ ವರ್ಷದ ಮದರಾಸಿನ ವಸ್ತುಪ್ರದರ್ಶನದಲ್ಲಿ ಇಟ್ಟು ತೀರ್ಪುಗಾರರ ಪ್ರಶಂಸೆಯನ್ನು ಪಡೆದನು. ಧಾರವಾಡ, ಮೈಸೂರು ಸೀಮೆಗಳ ಶಿಲ್ಪದ ಚಿತ್ರಗಳ ದೊಡ್ಡ ಗ್ರಂಥವೊಂದು ೧೮೬೬ರಲ್ಲಿ ಹೊರಬಿದ್ದಿತು. ಆ ಗುಡಿಗಳು ಅಂದು ಯಾವ ಸ್ಥಿತಿಯಲ್ಲಿದ್ದುವೆಂಬುದನ್ನು ಇಂದು ತಿಳಿಯಬೇಕಾದರೆ ನಾವು ಇಂತಹ ಚಿತ್ರಗಳನ್ನೇ ನೋಡಬೇಕಾಗಿದೆ.

ಕಲಕತ್ತೆಯ ಸಂಘದ ಚರಿತ್ರೆಯಲ್ಲಿ ಮರೆಯಬಾರದ ಒಂದು ಪ್ರಸಂಗವಿದೆ. ಅದರಲ್ಲಿ ಐರೋಪ್ಯರೂ ಭಾರತೀಯರೂ ಸಭಾಸದರಾಗಿದ್ದರು. ಮಹಾವಿದ್ವಾಂಸರಾದ ರಾಜೇಂದ್ರಲಾಲ ಮಿತ್ರರು ಕೋಶಾಧಿಕಾರಿಗಳಾಗಿದ್ದರು. ನೀಲಿಯ ತೋಟದ ದೊರೆಗಳು ರೈತರಿಗೆ ಕೊಡುತ್ತಿದ್ದ ಹಿಂಸೆಯನ್ನು ಅವರು ೧೮೫೭ರಲ್ಲಿ ಬಹಿರಂಗ ಸಭೆಯೊಂದರಲ್ಲಿ ಖಂಡಿಸಿದರು. ಇಷ್ಟಕ್ಕಾಗಿ ಸಂಘವು ಅವರನ್ನು ಹೊರಗೆ ಹಾಕಿತು. ಚಿತ್ರಕ್ಕೂ ನೀಲಿಯ ತೋಟಕ್ಕೂ ಏನು ಸಂಬಂಧ? ಕಲೆಯ ಹೆಸರಿನಲ್ಲಿ ಕೂಡಿದವರೂ ಕಲೆಯನ್ನು ಮರೆತು ನಡೆಯುವುದುಂಟೆಂಬುದಕ್ಕೆ ಇದೊಂದು ನಿದರ್ಶನ. ಸಂಘವನ್ನು ಕಟ್ಟುವವರೆಲ್ಲರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮುಂದೆ ೧೮೭೧ರಲ್ಲಿ ಒಣ ಪ್ಲೇಟೂ ೧೮೮೮ರಲ್ಲಿ ಸುರುಳಿ ಫಿಲ್ಮಿನ ಕೊಡಾಕ್ ಪೆಟ್ಟಿಗೆಯೂ ಬಂದು ಈ ವಿದ್ಯೆಯು ಮನೆಯೊಳಕ್ಕೂ ಪ್ರವೇಶಿಸಿತು. ಹೆಂಗಸರು ಇದರಲ್ಲಿ ಹಿಂದುಳಿಯಲಿಲ್ಲ. ೧೯೧೯ರಲ್ಲಿ ಜನಿಸಿದ ಮನೋಬೀನಾ, ದೇಬಲೀನಾ ಎಂಬ ಅವಳಿ ಸಹೋದರಿಯರು ಕಾಶಿಯ ಎದುರಿಗಿರುವ ರಾಮನಗರದಲ್ಲಿ ಬೆಳೆದವರು. ಹನ್ನೆರಡನೆಯ ಹುಟ್ಟುಹಬ್ಬಕ್ಕೆ ತಂದೆಯು ಇವರಿಗೆ ಕ್ಯಾಮರಾಗಳನ್ನು ತಂದುಕೊಟ್ಟರು. ಚಿತ್ರವನ್ನು ತೊಳೆಯುವುದನ್ನೂ ಕಲಿಸಿದರು. ಇಬ್ಬರೂ ಅಂದಿನ ಸಂಯುಕ್ತಪ್ರಾಂತದ ಹವ್ಯಾಸಿಗಳ ಸಂಘಕ್ಕೆ ಸೇರಿ ಹೆಸರು ಪಡೆದರು. ಮನೋಬೀನಾ ಅವರು ಮುಂದೆ ಚಿತ್ರನಿರ್ದೇಶಕರಾದ ಬಿಮಲ್ ರಾಯ್ ಅವರ ಪತ್ನಿಯಾದರು. ಸಂಸಾರದ ಭಾರದ ನಡುವೆಯೂ ಕ್ಯಾಮರಾವನ್ನು ಕೈಬಿಡಲಿಲ್ಲ. ಮಗಳ ಕುತೂಹಲಕ್ಕೆ ತಂದೆಯು ಒಂದಿಷ್ಟು ಆಸರೆ ಕೊಟ್ಟರೆ ಏನಾಗಬಲ್ಲುದೆಂಬುದನ್ನು ಇದರಿಂದ ಊಹಿಸಬಹುದು.

ನಮ್ಮ ನಾಡಿನಲ್ಲಿ

ಸ್ವಾತಂತ್ರ್ಯಾನಂತರ ಈ ಕಾರ್ಯಕ್ಕೆ ಬೆಂಗಳೂರೇ ಒಂದು ಕೇಂದ್ರವಾಯಿತು. ನಾನಾ ದೇಶಗಳ ಸಂಘಗಳನ್ನು ಒಂದುಗೂಡಿಸುವುದಕ್ಕಾಗಿ ‘ಫಿಯಾಪ್’ ಎಂಬ ಅಂತರರಾಷ್ಟ್ರೀಯ ಮಂಡಲಿಯು ೧೯೫೦ರಲ್ಲಿ ಯೂರೋಪಿನಲ್ಲಿ ಹುಟ್ಟಿತು. ಮೂರೇ ವರ್ಷಗಳಲ್ಲಿ, ಎಂದರೆ ೧೯೫೩ರಲ್ಲಿ, ಭಾರತದ ಸಂಘಗಳ ಒಕ್ಕೂಟವು ಸ್ಥಾಪಿತವಾಯಿತು. ಇದಕ್ಕೆ ಮೂಲಪುರುಷರು ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್ ಅವರು. ೧೯೭೧ರಲ್ಲಿ ಬೆಂಗಳೂರಿನಲ್ಲಿಯೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಎಂಬ ಸಂಘವು ಆರಂಭವಾಯಿತು. ಹೆಸರಿಗೆ ಅದು ತರುಣರದಾದರೂ ಈಗ ಅದರ ವಯಸ್ಸು ಐವತ್ತನ್ನು ಮೀರಿದೆ. ಕಾಡುಮೃಗಗಳ ಚಿತ್ರಗಳಿಗಾಗಿ ದೇಶವಿದೇಶಗಳಲ್ಲಿ ಖ್ಯಾತರಾದ ಟಿ.ಎನ್.ಎ. ಪೆರುಮಾಳ್ (೧೯೩೨–೨೦೧೭) ಅವರ ಕಾರ್ಯಕ್ಷೇತ್ರವೂ ಬೆಂಗಳೂರೇ. ಸಂಡೂರಿನ ರಾಜಮನೆತನದವರಾಗಿ, ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ (೧೯೩೧–೨೦೧೧) ಅವರು ರಾಜ್ಯಕಾರ್ಯದ ನಡುವೆ ಬಿಡುವು ಮಾಡಿಕೊಂಡು ಅರಣ್ಯದಲ್ಲಿ ಕ್ಯಾಮರಾ ಹಿಡಿದವರು. ಹೀಗೆ ಅರಸುಮನೆಯವರೂ ಕಚೇರಿಯ ಗುಮಾಸ್ತರೂ ಒಂದೇ ಸಾಲಿನಲ್ಲಿ ಕುಳಿತು ಚಿತ್ರದ ಗುಣದೋಷಗಳನ್ನು ಚರ್ಚಿಸಲು ಎಡೆಯಿರುವುದೇ ಇಂತಹ ಸಂಘಗಳ ವೈಶಿಷ್ಟ್ಯ.

ಸಂಘದಲ್ಲಿ ನಡೆಯುವುದೇನು?

ಸಾಮಾನ್ಯವಾಗಿ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸಾಯಂಕಾಲ ಸಭೆ ಸೇರುವುದು. ಅನುಭವಿಗಳೊಬ್ಬರು ಒಂದು ವಿಷಯವನ್ನು ವಿವರಿಸುವರು. ಅನಂತರ ಸಭಾಸದರ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಒಂದೊಂದನ್ನೂ ವಿಮರ್ಶಿಸುವರು. ಆಗಾಗ್ಗೆ ಮುಂಜಾನೆಯೇ ಹೊರಟು ಕೆರೆಯ ಏರಿಗೋ ಸಂತೆಗೋ ಹಳೆಯ ಕೋಟೆಗೋ ಪ್ರವಾಸ ಹೋಗಿಬರುವುದೂ ಉಂಟು. ಒಂದೇ ಸಂತೆಗೆ ಇಪ್ಪತ್ತು ಮಂದಿ ಹೋಗಿ ಇಪ್ಪತ್ತು ಬಗೆಯ ಚಿತ್ರಗಳನ್ನು ತರುವರು. ಒಬ್ಬನಿಗೆ ಕಂಡ ಬಳೆಗಾರನ ಕೈ ಇನ್ನೊಬ್ಬನ ಕಣ್ಣಿಗೆ ಬಿದ್ದಿರುವುದಿಲ್ಲ. ತಾನು ನೋಡದೆ ಬಿಟ್ಟದ್ದನ್ನು ಇನ್ನೊಬ್ಬನ ಚಿತ್ರದಲ್ಲಿ ಕಂಡಾಗ ಆಗುವ ಪಾಠವು ಯಾವ ಪುಸ್ತಕದಿಂದಲೂ ಆಗಲಾರದು.

ದೂರದೂರುಗಳಲ್ಲಿರುವ ಹವ್ಯಾಸಿಗಳು ಹಿಂದೆ ಅಂಚೆಯ ಮೂಲಕ ಇದೇ ಕೆಲಸವನ್ನು ನಡೆಸುತ್ತಿದ್ದರು. ಚಿತ್ರಗಳ ಕಟ್ಟೊಂದು ಊರಿಂದೂರಿಗೆ ತಿರುಗುತ್ತಿತ್ತು. ಪ್ರತಿಯೊಬ್ಬ ಸದಸ್ಯನೂ ಉಳಿದವರ ಚಿತ್ರಗಳನ್ನು ಕುರಿತು ಟೀಕೆಯನ್ನು ಬರೆದು, ತನ್ನ ಹೊಸ ಚಿತ್ರವನ್ನು ಸೇರಿಸಿ, ಮುಂದಿನವನಿಗೆ ಕಳುಹಿಸುವನು. ಕಟ್ಟು ಸುತ್ತಿ ಮತ್ತೆ ಬರುವ ವೇಳೆಗೆ ತಿಂಗಳುಗಳೇ ಕಳೆದಿರುತ್ತಿದ್ದುವು. ಇಂದು ನಿಮಿಷದೊಳಗೆ ಸಾವಿರ ಮಂದಿಯ ಮೆಚ್ಚುಗೆ ಬರಬಹುದು; ಆದರೆ ಮೆಚ್ಚುಗೆಯಿಂದ ಕಲಿಯುವುದು ಸ್ವಲ್ಪ, ತಾಳ್ಮೆಯಿಂದ ಬರೆದ ಟೀಕೆಯಿಂದ ಕಲಿಯುವುದು ಬಹಳ.

ಹೊಸಬರಿಗೆ ಅಲ್ಲಿ ಮೊದಲು ದೊರೆಯುವ ಬುದ್ಧಿವಾದಗಳು ಬಹು ಸರಳವಾದುವು. ಅಜ್ಜಿಯ ಚಿತ್ರ ತೆಗೆಯುವಾಗ ತಲೆಯ ಹಿಂದೆ ಕಂಬವೋ ಗೂಟವೋ ಕೊಂಬಿನಂತೆ ಎದ್ದಿರಬಾರದು. ನಡುಹಗಲಿನ ಬಿಸಿಲಿನಲ್ಲಿ ಕಣ್ಣಿನ ಗುಳಿಗಳು ಕಪ್ಪಾಗಿ ತೋರುವುವು. ಅದಕ್ಕಿಂತ ಕಿಟಕಿಯ ಪಕ್ಕದ ಮೆತ್ತನೆಯ ಬೆಳಕು ಮೇಲು. ಮಗುವಿನ ಚಿತ್ರವನ್ನು ನಿಂತು ತೆಗೆಯದೆ ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ತೆಗೆಯಬೇಕು. ಕೆರೆಯ ನೀರು ಒಂದು ಕಡೆಗೆ ವಾಲಿ ಚೆಲ್ಲುವಂತಿರಬಾರದು. ಎಲ್ಲಕ್ಕೂ ಮಿಗಿಲಾಗಿ, ಚಿತ್ರದೊಳಗೆ ಏನನ್ನು ಸೇರಿಸಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ಯೋಚಿಸಬೇಕು. ಇವಕ್ಕೆ ಹಣವೇನೂ ಬೇಕಾಗಿಲ್ಲ, ಗಮನವೊಂದಿದ್ದರೆ ಸಾಕು.

ಸ್ಪರ್ಧೆಗಳು

ಸಂಘದೊಳಗಣ ಸ್ಪರ್ಧೆಗಳಲ್ಲದೆ, ಹೊರಗಿನವರಿಗೂ ತೆರೆದಿರುವ ಪ್ರದರ್ಶನ ಸ್ಪರ್ಧೆಗಳೂ ಇವೆ. ಇವನ್ನು ಸಲೋನ್ ಎಂದು ಕರೆಯುವರು. ಕಪ್ಪು ಬಿಳುಪು, ಬಣ್ಣ, ಪ್ರಕೃತಿ, ಪ್ರವಾಸ ಮೊದಲಾದ ವಿಭಾಗಗಳಿರುತ್ತವೆ. ಕಳುಹಿಸಿದವರ ಹೆಸರು ತೀರ್ಪುಗಾರರಿಗೆ ತಿಳಿಯದಂತೆ ಚಿತ್ರಗಳನ್ನು ಒಂದಾದಮೇಲೊಂದರಂತೆ ತೋರಿಸುವರು. ಸಾಮಾನ್ಯವಾಗಿ ಮೂವರು ತೀರ್ಪುಗಾರರು ತಮ್ಮ ತಮ್ಮಲ್ಲಿ ಮಾತನಾಡದೆ ಅಂಕಗಳನ್ನು ಕೊಡುವರು. ಮೂವರ ಅಂಕಗಳ ಮೊತ್ತವು ಗೊತ್ತುಮಾಡಿದ ಮಟ್ಟವನ್ನು ಮುಟ್ಟಿದರೆ ಆ ಚಿತ್ರವು ‘ಸ್ವೀಕೃತ’ವಾಗುವುದು, ಅವುಗಳಲ್ಲಿ ಉತ್ತಮವಾದುವನ್ನು ಮತ್ತೆ ಆರಿಸಿ ಪದಕಗಳನ್ನು ಕೊಡುವರು. ಹಲವು ದೇಶಗಳ ಪ್ರದರ್ಶನಗಳಲ್ಲಿ ಗೊತ್ತಾದಷ್ಟು ಚಿತ್ರಗಳು ಸ್ವೀಕೃತವಾದವರಿಗೆ ಫಿಯಾಪ್ ಮಂಡಲಿಯು ಬಿರುದುಗಳನ್ನು ಕೊಡುತ್ತದೆ.

ಒಂದು ಚಿತ್ರಕ್ಕೆ ತೀರ್ಪುಗಾರರು ಕೊಡುವ ಹೊತ್ತು ಕೆಲವು ಕ್ಷಣಗಳು ಮಾತ್ರ. ಆದುದರಿಂದ ಕಣ್ಣು ಕುಕ್ಕುವ ಚಿತ್ರವು ಗೆದ್ದು, ನಿಧಾನವಾಗಿ ಮನಸ್ಸಿಗಿಳಿಯುವ ಚಿತ್ರವು ಸೋಲುವುದು ಅಪರೂಪವಲ್ಲ. ಒಂದು ಊರಿನಲ್ಲಿ ತಿರಸ್ಕೃತವಾದುದು ಇನ್ನೊಂದು ಊರಿನಲ್ಲಿ ಪದಕ ಪಡೆಯುವುದೂ ಉಂಟು. ಇದನ್ನರಿತ ಅನುಭವಿಗಳು ಸೋಲಿಗೆ ಕುಗ್ಗುವುದಿಲ್ಲ, ಗೆಲುವಿಗೆ ಹಿಗ್ಗುವುದಿಲ್ಲ. ತಮ್ಮ ಚಿತ್ರದ ದೋಷವನ್ನು ಹತ್ತು ಮಂದಿಯ ಎದುರಿಗೆ ಕೇಳಿ ಸಮಾಧಾನದಿಂದ ಒಪ್ಪಿಕೊಳ್ಳುವ ಅಭ್ಯಾಸವು ಪದಕಕ್ಕಿಂತ ದೊಡ್ಡ ಲಾಭ.

ಸತ್ಯದ ಪ್ರಶ್ನೆ

ಆದರೆ ಗೆಲ್ಲುವ ಆಸೆಯು ಮಿತಿಮೀರಿದಾಗ ಅನರ್ಥವಾಗುತ್ತದೆ. ಪ್ರಕೃತಿ ವಿಭಾಗದ ನಿಯಮಗಳು ಈ ಕಾರಣದಿಂದಲೇ ಕಟ್ಟುನಿಟ್ಟಾಗಿವೆ. ಚಿತ್ರದ ಅಂಚನ್ನು ಕತ್ತರಿಸಬಹುದು, ಬೆಳಕನ್ನು ಹದಮಾಡಬಹುದು, ಆದರೆ ಇಲ್ಲದುದನ್ನು ಸೇರಿಸುವುದಾಗಲಿ ಇದ್ದುದನ್ನು ಅಳಿಸುವುದಾಗಲಿ ಕೂಡದು. ಲಂಡನ್ನಿನ ಪ್ರಸಿದ್ಧ ವನ್ಯಜೀವಿ ಚಿತ್ರಸ್ಪರ್ಧೆಯಲ್ಲಿ ಬೇಲಿಯ ಬಾಗಿಲನ್ನು ಹಾರುವ ತೋಳದ ಚಿತ್ರವೊಂದು ೨೦೦೯ರ ಪ್ರಥಮ ಬಹುಮಾನವನ್ನು ಪಡೆದಿತ್ತು. ಆ ತೋಳವು ಪಳಗಿದ ಪ್ರಾಣಿಯಿರಬೇಕೆಂದು ತೀರ್ಮಾನಿಸಿ ೨೦೧೦ರಲ್ಲಿ ಬಹುಮಾನವನ್ನು ಹಿಂದಕ್ಕೆ ಪಡೆದರು. ೨೦೧೭ರಲ್ಲಿ ಬಹುಮಾನ ಪಡೆದ ಮತ್ತೊಂದು ಚಿತ್ರದಲ್ಲಿದ್ದ ಇರುವೆಬಾಕವು ಸತ್ತ ಮೃಗದ ತೊಗಲಿಗೆ ಅರಳೆ ತುಂಬಿ ನಿಲ್ಲಿಸಿದ ಬೊಂಬೆಯೆಂದು ತಜ್ಞರು ಅಭಿಪ್ರಾಯಪಟ್ಟುದರಿಂದ ೨೦೧೮ರಲ್ಲಿ ಅದಕ್ಕೂ ಅದೇ ಗತಿಯಾಯಿತು. ಚಿತ್ರ ತೆಗೆದವರಿಬ್ಬರೂ ಆಪಾದನೆಯನ್ನು ಅಲ್ಲಗಳೆದರು. ಆದರೆ ಒಮ್ಮೆ ಕಳೆದ ನಂಬಿಕೆಯು ಮರಳಲಿಲ್ಲ.

ಈಗ ಯಂತ್ರವೇ ಚಿತ್ರವನ್ನು ಕಲ್ಪಿಸಿಕೊಡುವ ಕಾಲ ಬಂದಿದೆ. ೨೦೨೩ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಗೆದ್ದ ಜರ್ಮನಿಯ ಕಲಾವಿದರೊಬ್ಬರು, ಅದು ಕ್ಯಾಮರಾದ ಚಿತ್ರವಲ್ಲ, ಕೃತಕ ಬುದ್ಧಿಮತ್ತೆಯಿಂದ ಮಾಡಿದುದೆಂದು ತಾವೇ ಸಾರಿ ಬಹುಮಾನವನ್ನು ನಿರಾಕರಿಸಿದರು. ೨೦೨೪ರಲ್ಲಿ ಇದಕ್ಕೆ ತಿರುಗುಮುರುಗಾದ ಸಂಗತಿ ನಡೆಯಿತು. ಯಂತ್ರಕಲ್ಪಿತ ಚಿತ್ರಗಳ ವಿಭಾಗಕ್ಕೆ ಒಬ್ಬರು ನಿಜವಾದ ರಾಜಹಂಸದ ಚಿತ್ರವನ್ನು ಕಳುಹಿಸಿದರು. ತಲೆಯನ್ನು ಹೊಟ್ಟೆಯ ಕಡೆಗೆ ಮಡಿಸಿಕೊಂಡಿದ್ದ ಆ ಹಕ್ಕಿಗೆ ತಲೆಯೇ ಇಲ್ಲದಂತೆ ತೋರುತ್ತಿತ್ತು. ತೀರ್ಪುಗಾರರು ಬಹುಮಾನ ಕೊಟ್ಟರು. ನಿಜ ತಿಳಿದ ಮೇಲೆ ಅನರ್ಹಗೊಳಿಸಿದರು. ಪ್ರಕೃತಿಯ ವಿಚಿತ್ರಕ್ಕೆ ಯಂತ್ರದ ಕಲ್ಪನೆಯು ಸಮನಾಗಲಾರದೆಂದು ಆ ಚಿತ್ರಗಾರರು ತೋರಿಸಿಕೊಟ್ಟಂತಾಯಿತು.

ಮೋಸಕ್ಕಿಂತಲೂ ಕ್ರೂರವಾದುದು ಮತ್ತೊಂದುಂಟು. ಗೂಡಿನಲ್ಲಿರುವ ಮರಿಗಳ ಚಿತ್ರಕ್ಕಾಗಿ ಮರೆಯ ಕೊಂಬೆಗಳನ್ನು ಕಡಿದರೆ ಮರಿಗಳು ಬಿಸಿಲಿಗೂ ಕಾಗೆ ಹದ್ದುಗಳಿಗೂ ತುತ್ತಾಗುವುವು; ಹೆದರಿದ ತಾಯಿಹಕ್ಕಿಯು ಗೂಡನ್ನೇ ತೊರೆಯಬಹುದು. ಆದುದರಿಂದ ಈಗ ಅನೇಕ ಸಂಘಗಳು ಗೂಡಿನ ಚಿತ್ರಗಳನ್ನು ಸ್ಪರ್ಧೆಗೆ ಸ್ವೀಕರಿಸುವುದಿಲ್ಲ. ಒಂದು ಜೀವದ ಸಂಸಾರವನ್ನು ಕೆಡಿಸಿ ಪಡೆದ ಪದಕವು ಮನೆಯ ಗೋಡೆಗೆ ಭೂಷಣವಾದೀತೆ?

ಗೃಹಸ್ಥರಿಗೆ ಎರಡು ಮಾತು

ಮಕ್ಕಳಲ್ಲಿ ಯಾರಿಗಾದರೂ ಈ ಕಲೆಯಲ್ಲಿ ಆಸಕ್ತಿಯಿದ್ದರೆ, ದುಬಾರಿಯ ಕ್ಯಾಮರಾವನ್ನು ಕೊಡಿಸುವ ಮೊದಲು ಹತ್ತಿರದ ಸಂಘವೊಂದಕ್ಕೆ ಕರೆದುಕೊಂಡು ಹೋಗುವುದು ಲೇಸು. ಕೈಯಲ್ಲಿರುವ ಸಾಧನದಿಂದಲೇ ವರ್ಷಕಾಲ ಅಭ್ಯಾಸವಾಗಲಿ. ಸಂಘವಿಲ್ಲದ ಊರಿನಲ್ಲಿ ನಾಲ್ಕು ಮನೆಗಳವರು ಸೇರಿ ತಿಂಗಳಿಗೊಂದು ವಿಷಯವನ್ನು ಗೊತ್ತುಮಾಡಿಕೊಂಡು—ಅಡುಗೆಮನೆಯ ಬೆಳಕು, ದುಡಿಯುವ ಕೈಗಳು, ಮಳೆಯ ದಿನ—ಒಬ್ಬೊಬ್ಬರು ಒಂದೊಂದೇ ಚಿತ್ರವನ್ನು ತಂದು ಚರ್ಚಿಸಬಹುದು. ಒಂದನ್ನೇ ತರಬೇಕೆಂಬ ನಿಯಮವು ಮುಖ್ಯ. ನೂರರಲ್ಲಿ ಒಂದನ್ನು ಆರಿಸುವುದೇ ಅರ್ಧ ವಿದ್ಯೆ.

ಹಾಗೆ ಆರಿಸಿದವುಗಳನ್ನು ವರ್ಷಕ್ಕೆ ಹನ್ನೆರಡಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು. ಹಳೆಯ ಪೆಟ್ಟಿಗೆಗಳಲ್ಲಿ ದೊರೆಯುವ ಎಷ್ಟೋ ಚಿತ್ರಗಳಲ್ಲಿ ಮುಖಗಳು ಸ್ಪಷ್ಟವಾಗಿವೆ, ಆದರೆ ಅವರು ಯಾರೆಂದು ಹೇಳುವವರು ಉಳಿದಿಲ್ಲ. ಹಳೇಬೀಡಿನ ಗುಡಿಯ ಅಂದಿನ ರೂಪವನ್ನು ಉಳಿಸಿಕೊಟ್ಟುದು ಒಬ್ಬ ಹವ್ಯಾಸಿಯ ಶ್ರದ್ಧೆ. ನಮ್ಮ ಮನೆಗಳ ಇಂದಿನ ರೂಪವನ್ನು ಮುಂದಿನವರಿಗೆ ಉಳಿಸಿಕೊಡುವ ಭಾರವು ನಮ್ಮದೇ ಆಗಿದೆ. ಅದಕ್ಕೆ ಬೇಕಾದ ಕಣ್ಣನ್ನೂ ಪ್ರಾಮಾಣಿಕತೆಯನ್ನೂ ಇಂತಹ ಸಂಘಗಳು ಬೆಳೆಸುವುವಾದರೆ, ಅವುಗಳ ಒಂದು ಸಂಜೆಯು ಖಂಡಿತವಾಗಿಯೂ ವ್ಯರ್ಥವಾಗದೆಂದು ನಾವು ನಂಬುತ್ತೇವೆ.