ಗರ್ಭ ನಿಲ್ಲದಿದ್ದರೆ ಹೆಂಗಸಿನದೇ ತಪ್ಪೇ?

ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ಮೇಲೂ ಗರ್ಭ ನಿಲ್ಲದಿದ್ದಾಗ, ‘ಮೆಟ್ಟಿಲು ಹತ್ತಿದಳು, ಕೊಡ ಎತ್ತಿದಳು’ ಎಂದು ಮನೆಯವರು ಹೆಂಗಸನ್ನೇ ದೂರುವುದುಂಟು. ಇದು ಸರಿಯಲ್ಲ.

ಫಲಿತ ಅಂಡವು ಎರಡು, ನಾಲ್ಕು, ಎಂಟು ಜೀವಕೋಶಗಳಾಗಿ ವಿಭಜನೆಯಾಗುವಾಗ ಕೆಲವು ಚೂರುಗಳು ಬೇರ್ಪಡುತ್ತವೆ. ಇವು ಶೇ. 10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ತೀರಾ ಹೆಚ್ಚಾದರೆ ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುವ ಸಾಧ್ಯತೆ ಕುಗ್ಗುತ್ತದೆ. ನೋಡಲು ಚೆನ್ನಾಗಿರುವ ಭ್ರೂಣದಲ್ಲೂ ವರ್ಣತಂತುಗಳ ಸಂಖ್ಯೆ ಏರುಪೇರಾಗಿರಬಹುದು. ಸ್ತ್ರೀಯ ವಯಸ್ಸು 35 ದಾಟಿದ ಮೇಲೆ ಈ ದೋಷ ಹೆಚ್ಚುತ್ತದೆ.

ನಡೆದಾಡಿದರೆ ಭ್ರೂಣ ಜಾರಿ ಬೀಳುವುದಿಲ್ಲ. ಹಾಸಿಗೆ ಹಿಡಿದು ಮಲಗಬೇಕಾಗಿಲ್ಲ. ವೈದ್ಯರು ಹೇಳುವವರೆಗೆ ಔಷಧಿ ಮಾತ್ರ ನಿಲ್ಲಿಸಬೇಡಿ. ಚಿಕಿತ್ಸೆ ಫಲಿಸದಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರ ಬಳಿ ಹೋಗಿ, ಭ್ರೂಣ ಹೇಗಿತ್ತು, ಇಬ್ಬರಿಗೂ ಯಾವ ಪರೀಕ್ಷೆ ಬೇಕು ಎಂದು ಕೇಳಿ ತಿಳಿದುಕೊಳ್ಳಿ.