ಕೋಟೆಯ ಮಣ್ಣು, ಅಂಗೈಯ ನಿಶಾನಿ

ಜಾತ್ರೆಗೆ ಹೋದವರು ಬರಿಗೈಯಲ್ಲಿ ಮರಳುವ ಪದ್ಧತಿ ನಮ್ಮಲ್ಲಿಲ್ಲ. ಔರಾದಿನ ಅಮರೇಶ್ವರ ಜಾತ್ರೆಗೆ ಹೋದ ರೈತ ಎತ್ತಿನ ಕೊರಳಿಗೊಂದು ಗೆಜ್ಜೆಪಟ್ಟಿಯನ್ನಾದರೂ ತರುತ್ತಾನೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ದರ್ಶನಕ್ಕೆ ಹೋದವರ ಸೆರಗಿನ ತುದಿಯಲ್ಲಿ ಭಂಡಾರದ ಗಂಟು ಇರುತ್ತದೆ. ಬೀದರಿನ ನಾನಕ್ ಝೀರಾಕ್ಕೆ ಪಂಜಾಬಿನಿಂದ ಬರುವ ಯಾತ್ರಿಕರು ಅಲ್ಲಿನ ಬುಗ್ಗೆಯ ನೀರನ್ನು ತುಂಬಿಕೊಂಡು ಹೋಗುತ್ತಾರೆ. ಇಂಥ ವಸ್ತುವಿಗೆ ಬೀದರ್ ಕಡೆಯ ಮಾತಿನಲ್ಲಿ ಒಂದು ಒಳ್ಳೆಯ ಹೆಸರಿದೆ: ನಿಶಾನಿ. ಇಂಗ್ಲಿಷಿನವರು ಬಳಸುವ 'ಸೊವೆನಿರ್' ಎಂಬ ಪದ ಫ್ರೆಂಚಿನಿಂದ ಬಂದದ್ದು. ನೆನಪಿಸಿಕೊಳ್ಳುವುದು ಎಂಬುದೇ ಅದರ ಮೂಲಾರ್ಥ.

ನಿಶಾನಿಯನ್ನು ಯೋಜಿಸಿ, ವಿನ್ಯಾಸ ಮಾಡಿ, ಮಾರುವ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಉದ್ಯಮವನ್ನಾಗಿ ಬೆಳೆಸಿದವರು ಮನರಂಜನಾ ಉದ್ಯಾನಗಳನ್ನು ಕಟ್ಟಿದ ಅಮೆರಿಕನ್ನರು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಆ ಕಾಲದಿಂದಲೂ ಅಲ್ಲಿನ ಮಕ್ಕಳ ತಲೆಯ ಮೇಲೆ ಕಾಣುವ, ಇಲಿಯ ಎರಡು ದುಂಡು ಕಿವಿಗಳಿರುವ ಕರಿ ಟೋಪಿಯನ್ನು ನೋಡಿ. ಅದರಲ್ಲಿ ಮಿಕ್ಕಿಯ ಮುಖವಿಲ್ಲ, ಮೂಗಿಲ್ಲ, ಬಾಲವಿಲ್ಲ. ಎರಡು ವೃತ್ತಗಳಷ್ಟೆ. ಆದರೂ ಗುರುತು ತಪ್ಪುವುದಿಲ್ಲ. 1969ರಲ್ಲಿ ಅದೇ ಉದ್ಯಾನದಲ್ಲಿ 'ಹಾಂಟೆಡ್ ಮ್ಯಾನ್ಷನ್' ಎಂಬ ಭೂತದ ಬಂಗಲೆ ಆರಂಭವಾಯಿತು. ಅದರೊಳಗಿನ ಗೋಡೆಗೆ ಹಚ್ಚಿದ ಕಾಗದದ ಮೇಲೆ ಕಣ್ಣು ಬಿಟ್ಟ ಪಿಶಾಚಿಯ ಮುಖವೊಂದು ಬಳ್ಳಿಯ ಸುರುಳಿಯಂತೆ ಮತ್ತೆ ಮತ್ತೆ ಬರುತ್ತದೆ. ಹಲವು ದಶಕಗಳ ನಂತರ ಆ ಗೋಡೆಕಾಗದದ ನಕ್ಷೆಯೇ ಬಟ್ಟಲು, ಚೀಲ, ಅಂಗಿಗಳ ಮೇಲೆ ಏರಿ ಮಾರಾಟವಾಯಿತು. ಬಂಗಲೆಯ ಚಿತ್ರವನ್ನು ಯಾರಾದರೂ ಗುರುತಿಸಿಯಾರು. ಗೋಡೆಕಾಗದವನ್ನು ಗುರುತಿಸುವವರು ಒಳಗೆ ಹೋಗಿ ಬಂದವರು ಮಾತ್ರ. ನೆನಪಿನ ವಸ್ತುವನ್ನು ರೂಪಿಸುವವರ ಗುಟ್ಟು ಇದು: ಇಡೀ ಸ್ಥಳವನ್ನು ಕುಗ್ಗಿಸಬೇಡಿ, ಅಲ್ಲಿಗೆ ಹೋದವರು ಕಣ್ಣಂಚಿನಲ್ಲಿ ಕಂಡ ಒಂದು ತುಣುಕನ್ನು ಆರಿಸಿಕೊಳ್ಳಿ.

ನಮ್ಮ ದೇಶದಲ್ಲಿ ಇಂಥ ಉದ್ಯಾನಗಳ ಇತಿಹಾಸ ಗಿಡ್ಡದು. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಿನಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿತು. ಮುಂಬಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ತೆರೆದು 2022ರಲ್ಲಿ ಬಾಗಿಲು ಹಾಕಿತು. ಬಿಡದಿ ಬಳಿಯ ವಂಡರ್‌ಲಾ 2005ರಿಂದ ನಡೆಯುತ್ತಿದೆ. ಬಗದಲ್, ಭಾಲ್ಕಿ ಕಡೆಯ ಶಾಲಾ ಮಕ್ಕಳಿಗೆ ಇವೆಲ್ಲ ದೂರದ ಮಾತು. ಅವರ ಪ್ರವಾಸದ ಬಸ್ಸು ಬೀದರ್ ಕೋಟೆಯ ಮುಂದೆ ನಿಲ್ಲುತ್ತದೆ. ಅಲ್ಲಿಂದ ನರಸಿಂಹ ಝರಣಿ. ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು, ಮುಂದೆ ಹೋಗುವವರ ಗೋವಿಂದ ನಾಮ, ಕೊನೆಯಲ್ಲಿ ದೀಪದ ಬೆಳಕಿನಲ್ಲಿ ನರಸಿಂಹ. ಯಾವ ಎಂಜಿನಿಯರೂ ಕಟ್ಟದ ಈ ಗುಹೆಯಲ್ಲಿ ಭಯ, ಕತ್ತಲೆ, ನೀರು, ಕೊನೆಗೊಂದು ಬಿಡುಗಡೆ ಎಲ್ಲವೂ ಕ್ರಮವಾಗಿಯೇ ಬರುತ್ತವೆ. ಆದರೆ ಗುಹೆಯಿಂದ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಹೊರಬಂದ ಹುಡುಗ ಮನೆಗೆ ಏನು ಒಯ್ಯಬೇಕು?

ವಿಚಿತ್ರವೆಂದರೆ, ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಕಸುಬು ಅದೇ ಊರಿನಲ್ಲಿ ಶತಮಾನಗಳಿಂದ ಇದೆ. ಬಿದ್ರಿ ಕೆಲಸದಷ್ಟು ತನ್ನ ಊರನ್ನು ಮೈಯೊಳಗೆ ಇಟ್ಟುಕೊಂಡ ಕಸುಬು ಬೇರೊಂದಿರಲಾರದು. ಹೆಸರೇ ಊರಿನದು. ಬಹಮನಿ ಸುಲ್ತಾನ ಅಹಮದ್ ಷಾ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇರಾನಿನಿಂದ ಬಂದ ಕುಶಲಕರ್ಮಿಗಳ ಮೂಲಕ ಈ ವಿದ್ಯೆ ಇಲ್ಲಿ ಬೇರೂರಿತೆಂಬುದು ಪರಂಪರೆಯ ಹೇಳಿಕೆ. ಕಥೆ ಏನೇ ಇರಲಿ, ಈಗ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ.

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸುತ್ತಾರೆ. ಹದಿನಾರು ಭಾಗಕ್ಕೆ ಒಂದು ಭಾಗ ಎಂಬುದು ರೂಢಿಯ ಲೆಕ್ಕ. ಹರಳೆಣ್ಣೆ, ರಾಳ ಸೇರಿಸಿ ಹದ ಮಾಡಿದ ಮಣ್ಣಿನ ಅಚ್ಚಿಗೆ ಅದನ್ನು ಎರೆಯುತ್ತಾರೆ. ಅಚ್ಚಿನಿಂದ ಹೊರಬಂದ ವಸ್ತು ಮಂಕು ಬೂದು ಬಣ್ಣದ್ದು. ನೋಡಿದರೆ ಯಾರೂ ಕೊಳ್ಳಲಾರರು. ಅದನ್ನು ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೀರು ಕಾಣಲೆಂದು. ಆಮೇಲೆ ಉಳಿಯ ಕೆಲಸ. ಕೊರೆದ ಕಾಲುವೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ ಸುತ್ತಿಗೆಯಿಂದ ಬಡಿದರೆ ಅದು ತಾರಕಶಿ. ತಗಡನ್ನು ಹುದುಗಿಸಿದರೆ ತೆಹನಿಶಾನ್. ಬೆಳ್ಳಿಯ ತಗಡಿನಲ್ಲಿ ಹೂವನ್ನು ಕತ್ತರಿಸಿ ತೆಗೆದು, ನೆಲವೆಲ್ಲ ಬೆಳ್ಳಿಯಾಗಿ ಹೂವು ಕಪ್ಪಾಗಿ ಕಾಣುವಂತೆ ಮಾಡಿದರೆ ಅಫ್ತಾಬಿ. ಈ ಹಂತದಲ್ಲೂ ವಸ್ತುವಿಗೆ ಅಂದವಿಲ್ಲ. ಬೂದು ಲೋಹದ ಮೇಲೆ ಬಿಳಿ ಬೆಳ್ಳಿ. ಒಂದಕ್ಕೊಂದು ಬೇರೆಯಾಗಿ ಕಾಣುವುದೇ ಇಲ್ಲ.

ಕೊನೆಯ ಹಂತದಲ್ಲಿ ಕೋಟೆ ಬರುತ್ತದೆ. ಕೋಟೆಯ ಹಳೆಯ ಕಟ್ಟಡಗಳೊಳಗೆ ಬಿಸಿಲು ಮಳೆ ತಾಗದೆ ಉಳಿದ ಮಣ್ಣನ್ನು ತಂದು, ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜುತ್ತಾರೆ. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ಕಸುಬುದಾರ ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಾನೆ. ಕ್ಷಣಗಳಲ್ಲಿ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುತ್ತದೆ. ರಸಾಯನಶಾಸ್ತ್ರದ ವಿವರಣೆ ಇದು: ಮೇಲ್ಪದರದ ಸತು ಕರಗಿಹೋಗಿ, ಉಳಿದ ತಾಮ್ರ ಅತಿ ನುಣುಪಾದ ಕರಿಯ ಪದರವಾಗುತ್ತದೆ. ಬರಿಯ ಸತುವಾಗಿದ್ದರೆ ಈ ಕಪ್ಪು ಬರುತ್ತಿರಲಿಲ್ಲ. ಆ ಹದಿನೇಳನೆಯ ಭಾಗದ ತಾಮ್ರದ ಮಹಿಮೆ ಅಷ್ಟು. ಮಣ್ಣಿನಲ್ಲಿರುವ ಲವಣಗಳು, ವಿಶೇಷವಾಗಿ ಪೆಟ್ಲುಪ್ಪಿನ ಅಂಶ, ಈ ಕ್ರಿಯೆಗೆ ನೆರವಾಗುತ್ತವೆ ಎನ್ನುತ್ತಾರೆ. ಹೈದರಾಬಾದಿನಲ್ಲಿ ಬಿದ್ರಿ ಮಾಡುವವರೂ ಬೀದರಿನ ಮಣ್ಣನ್ನೇ ಅರಸುತ್ತಾರೆ. ಲೋಕದ ಯಾವ ಉದ್ಯಾನದ ಅಂಗಡಿಯೂ ತನ್ನ ನೆಲದ ಮಣ್ಣಿನಿಂದ ಬಣ್ಣ ಪಡೆದ ವಸ್ತುವನ್ನು ಮಾರುವುದನ್ನು ನಾನಂತೂ ಕೇಳಿಲ್ಲ.

ಆದರೆ ಬಿದ್ರಿ ಮೊದಲು ನಿಶಾನಿಯಾಗಿ ಹುಟ್ಟಿದ್ದಲ್ಲ. ಅದು ಬಳಕೆಯ ಸಾಮಾನು. ಹುಕ್ಕಾದ ತಳದ ಬುರುಡೆ, ಸುರಾಹಿ, ಪಾನ್‌ದಾನ್, ಪೀಕದಾನಿ, ಹಾಸಿನ ಮೂಲೆಗಳು ಹಾರದಂತೆ ಇಡುವ ಭಾರದ ಗುಂಡುಗಳು. ಶ್ರೀಮಂತರ ಮನೆಯ ಬೈಠಕ್ಕು ಇದ್ದವರೆಗೆ ಇವಕ್ಕೆ ಗಿರಾಕಿ ಇತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ವಸ್ತುಗಳನ್ನು ಕಂಡು ಅಲ್ಲಿನವರು ಮೆಚ್ಚಿದರು; ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಒಳ್ಳೆಯ ಬಿದ್ರಿ ಸಂಗ್ರಹವೇ ಇದೆ. ಹುಕ್ಕಾ ಹಿಂದೆ ಸರಿದಂತೆ ಕೈಗಳು ಸಿಗರೇಟ್ ಪೆಟ್ಟಿಗೆ, ಬೂದಿಬಟ್ಟಲು, ಅಂಗಿಯ ಗುಂಡಿಗಳತ್ತ ಹೊರಳಿದವು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿ, ಹಳೆಯ ಪೇಟೆಯಾದ ಹೈದರಾಬಾದು ಗಡಿಯಾಚೆ ಉಳಿಯಿತು. ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳ ಕಪಾಟಿನಲ್ಲಿ ಬಿದ್ರಿಗೊಂದು ಜಾಗ ದೊರೆತದ್ದು ಆಮೇಲಿನ ಮಾತು. ಈಗ ಬೂದಿಬಟ್ಟಲನ್ನೂ ಯಾರೂ ಕೇಳುವುದಿಲ್ಲ. ಕೀಲಿಗೊಂಚಲು, ಪೆನ್ನಿನ ನಿಲುವು, ಓಲೆ, ಪೆನ್ ಡ್ರೈವ್‌ನ ಕವಚದವರೆಗೆ ಬಿದ್ರಿ ಬಂದಿದೆ.

ಇಲ್ಲಿ ಒಂದು ಇಕ್ಕಟ್ಟಿದೆ. ಇದನ್ನು ಪ್ರವಾಸೋದ್ಯಮದ ಭಾಷಣಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪ್ರವಾಸಿಯ ಕಿಸೆಗೆ ಎಟಕುವುದು ಸಣ್ಣ ವಸ್ತು. ಸಣ್ಣ ವಸ್ತುವಿನ ಮೇಲೆ ಹಿಡಿಸುವುದು ನಾಲ್ಕು ಗೆರೆ ತಾರಕಶಿ. ವರ್ಷಗಟ್ಟಲೆ ಕೀಲಿಗೊಂಚಲನ್ನೇ ಮಾಡಿದ ಕೈಗೆ ಅಫ್ತಾಬಿಯ ಅಭ್ಯಾಸ ತಪ್ಪುತ್ತದೆ. ಕಲಿಯಲು ಬಂದ ಹುಡುಗ ಹೂದಾನಿಯನ್ನು ಕೈಯಲ್ಲಿ ಹಿಡಿಯುವ ಮೊದಲೇ ಬೇರೆ ಕೆಲಸ ಹುಡುಕಿಕೊಂಡು ಹೈದರಾಬಾದಿನ ಬಸ್ಸು ಹತ್ತಿರುತ್ತಾನೆ. ಹಾಗೆಂದು ಸಣ್ಣ ವಸ್ತುವನ್ನು ಬಿಡುವಂತೆಯೂ ಇಲ್ಲ; ಬೆಳ್ಳಿಯ ಬೆಲೆ ಏರಿದಂತೆಲ್ಲ ಹೂದಾನಿಯನ್ನು ಕೊಳ್ಳುವವರು ಬೆರಳೆಣಿಕೆಗೆ ಇಳಿಯುತ್ತಾರೆ, ದಿನದ ಒಲೆ ಉರಿಯುವುದು ಕೀಲಿಗೊಂಚಲಿನಿಂದಲೇ. ಆದ್ದರಿಂದ ಪ್ರಶ್ನೆ ಸಣ್ಣದೋ ದೊಡ್ಡದೋ ಎಂಬುದಕ್ಕಿಂತ, ಆ ನಾಲ್ಕು ಗೆರೆ ಯಾವುವು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಆನೆ, ನವಿಲು, ಹಂಸ. ಇವು ಜೈಪುರದಲ್ಲೂ ಸಿಗುತ್ತವೆ, ಮೈಸೂರಿನಲ್ಲೂ ಸಿಗುತ್ತವೆ. ಬೀದರಿಗೆ ಬಂದು ಹೋದ ನೆನಪನ್ನು ನವಿಲು ಹೇಗೆ ಹೊತ್ತೀತು? ಊರಿನಲ್ಲಿ ನಕ್ಷೆಗಳ ಬರವಂತೂ ಇಲ್ಲ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನ ಮೇಲೆ ಮುತ್ತಿನ ಚಿಪ್ಪನ್ನು ಕೆತ್ತಿ ಕೂರಿಸಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಅಲಿ ಬರೀದ್ ಷಾನ ಕಾಲಕ್ಕೆ ಈಗಿನ ರೂಪ ಪಡೆದ ಆ ಗೋಡೆಯನ್ನು ನೋಡಿದರೆ ಕಲ್ಲಿನಲ್ಲಿ ಬಿದ್ರಿ ಕಂಡಂತಾಗುತ್ತದೆ: ಕಪ್ಪು ನೆಲ, ಹೊಳೆಯುವ ಬಳ್ಳಿ. ಅದರ ಒಂದು ಅಂಗುಲದ ಬಳ್ಳಿಯನ್ನು ಬೆಳ್ಳಿತಂತಿಯಲ್ಲಿ ಎಳೆದರೆ ಅಲ್ಲಿಗೆ ಹೋದವರಿಗೆ ಬೇರೆ ವಿವರಣೆ ಬೇಡ. ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಎರಡು ಮಿನಾರುಗಳಲ್ಲಿ ಉಳಿದಿರುವುದು ಒಂದೇ. ಅದರ ಮೈಮೇಲೆ ಬಣ್ಣದ ಹೆಂಚಿನ ತುಣುಕುಗಳಿಂದ ಮಾಡಿದ ಅಂಕುಡೊಂಕು ಗೆರೆಗಳು ಅಲ್ಲಲ್ಲಿ ಇನ್ನೂ ಇವೆ. ಹದಿನೇಳನೆಯ ಶತಮಾನದ ಕೊನೆಯ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಆ ಗೆರೆಯೊಂದೇ ಸಾಕು, ಪೂರ್ತಿ ಮಿನಾರು ಬೇಕಿಲ್ಲ. ಕೋಟೆಯ ಶರ್ಜಾ ದರ್ವಾಜಾದ ಮೇಲಿನ ಎರಡು ಹುಲಿಗಳು, ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿಯ ಬಾಗಿಲ ಅಕ್ಷರಗಳ ಬಳುಕು, ಚೌಬಾರಾದ ದುಂಡು ನೆರಳು, ಯಾವುದನ್ನು ಬೇಕಾದರೂ ಎತ್ತಿಕೊಳ್ಳಬಹುದು.

ಅಷ್ಟೂರಿನಲ್ಲಿ ಅಹಮದ್ ಷಾನ ಗೋರಿಯ ಒಳಛಾವಣಿಯ ಬಣ್ಣದ ಚಿತ್ತಾರವಂತೂ ಬಿದ್ರಿಯವನ ಎದುರು ತೆರೆದಿಟ್ಟ ಪುಸ್ತಕ. ಮುಸ್ಲಿಮರು ಆ ಸುಲ್ತಾನನನ್ನು ವಲೀ ಎಂದು ಕರೆದು ಉರುಸು ನಡೆಸುತ್ತಾರೆ. ಅದೇ ಹೊತ್ತಿಗೆ ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಹೆಸರಿನಲ್ಲಿ ಅಲ್ಲಿ ಜಾತ್ರೆ ಮಾಡುತ್ತಾರೆ. ಒಂದೇ ಗೋರಿ, ಒಂದೇ ಜಾತ್ರೆ, ಎರಡು ಹೆಸರು. ಈ ಜಾತ್ರೆಯ ನಿಶಾನಿಯನ್ನು ಮಾಡುವವನು ಎರಡೂ ಮನೆಯ ಕಪಾಟಿನಲ್ಲಿ ಕೂರುವಂಥದ್ದನ್ನು ಮಾಡಬೇಕಾಗುತ್ತದೆ. ಛಾವಣಿಯ ಒಂದು ಹೂ ಆ ಕೆಲಸ ಮಾಡೀತು.

ಇನ್ನು ನರಸಿಂಹ ಝರಣಿಯ ಹುಡುಗ. ಅವನಿಗೆ ನರಸಿಂಹನ ಮೂರ್ತಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬೇಕಾದದ್ದು ಆ ಕತ್ತಲೆ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕರಿಯ ಬಿಲ್ಲೆ, ಅಡ್ಡಲಾಗಿ ಎರಡು ಅಲೆಯ ಗೆರೆ, ದೂರದಲ್ಲಿ ಸಾಸಿವೆಯಷ್ಟು ಬೆಳ್ಳಿಯ ಚುಕ್ಕೆ. ಇಷ್ಟನ್ನು ಕಲಿಯುವ ಹುಡುಗನೂ ಮಾಡಬಲ್ಲ, ಬೆಳ್ಳಿಯೂ ಹೆಚ್ಚು ಬೇಡ. ಬಿದ್ರಿಯಲ್ಲಿ ಖಾಲಿ ಬಿಟ್ಟ ಕಪ್ಪಿಗೂ ಬೆಲೆ ಇದೆ ಎಂಬುದನ್ನು ಗಿರಾಕಿಗೆ ಮನವರಿಕೆ ಮಾಡುವುದು ಮಾತ್ರ ಕಷ್ಟ. ನಮ್ಮ ಜನ ಬೆಳ್ಳಿ ಎಷ್ಟಿದೆ ಎಂದೇ ಮೊದಲು ಕೇಳುತ್ತಾರೆ.

ಬಿದ್ರಿಗೆ ಗೌರವ ಬಂದಿಲ್ಲವೆಂದಲ್ಲ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದ್ರಿಯದೇ ಆಗಿತ್ತು. ಅಂಗೈಯಲ್ಲಿ ಹಿಡಿಯುವ ವಸ್ತು ಆ ದಿನ ಲಾರಿಯಷ್ಟು ದೊಡ್ಡದಾಗಿ ದೆಹಲಿಯ ರಾಜಪಥದಲ್ಲಿ ಸಾಗಿತು. ಕುಶಲಕರ್ಮಿ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಭೌಗೋಳಿಕ ಗುರುತು ಎಲ್ಲಿ, ಹೇಗೆ ಮಾಡಿದ್ದು ಎಂಬುದನ್ನು ಕಾಯುತ್ತದೆ. ಏನನ್ನು ಬಿಡಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಕರಿ ಬಣ್ಣ ಬಳಿದ ಅಗ್ಗದ ಲೋಹದ ಮೇಲೆ ಹೊಳೆಯುವ ಗೆರೆ ಎಳೆದು ಬಿದ್ರಿ ಎಂದು ಮಾರುವವರನ್ನೂ ಅದು ಸುಲಭವಾಗಿ ತಡೆಯಲಾರದು.

ಕೊಳ್ಳುವವರಿಗೆ ಒಂದೆರಡು ಮಾತು. ವಸ್ತುವನ್ನು ಕೈಯಲ್ಲಿ ತೂಗಿ ನೋಡಿ. ಸತುವಿನ ಬಿದ್ರಿಗೆ ಗಾತ್ರಕ್ಕೆ ಮೀರಿದ ಭಾರ ಇರುತ್ತದೆ. ಬೆಳ್ಳಿಯ ಗೆರೆ ಮೇಲ್ಮೈಗೆ ಸಮನಾಗಿ ಕೂತಿರಬೇಕು, ಉಗುರಿಗೆ ಬಣ್ಣ ಎದ್ದು ಬರಬಾರದು. ಬೆಳ್ಳಿ ಮಂಕಾದಾಗ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹುಳಿ ಕಪ್ಪನ್ನೇ ತಿಂದುಬಿಡುತ್ತದೆ. ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು, ಕೋಟೆಯ ಮಣ್ಣು ಕೊಟ್ಟ ಕಪ್ಪು ಮತ್ತೆ ಮೇಲೇಳುತ್ತದೆ.