ಚೊರೀಸು, ಬಟಾಟೆ ಮತ್ತು ಮನೆಮಂದಿಯ ಆರೋಗ್ಯ

ಮೈಸೂರು, ಹಾಸನ, ತುಮಕೂರುಗಳ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರು ತರಕಾರಿ ಮಾರುಕಟ್ಟೆಯಲ್ಲಿ ಮೊದಲು ಕಲಿಯಬೇಕಾಗುವ ಮಾತುಗಳಲ್ಲಿ ‘ಬಟಾಟಾ’ ಎಂಬುದೂ ಒಂದು. ಮಂಗಳೂರು, ಉಡುಪಿ, ಕಾರವಾರಗಳಿಂದ ಬಂದವರಿಗೆ ಈ ತೊಡಕಿಲ್ಲ. ಆಲೂಗಡ್ಡೆಯನ್ನು ಅವರು ಊರಿನಲ್ಲಿದ್ದಾಗಲೇ ಬಟಾಟೆಯೆಂದು ಕರೆದವರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿದ ಈ ಗಡ್ಡೆಗೆ ಪಶ್ಚಿಮ ಕರಾವಳಿಯಲ್ಲಿ ಅಂಟಿಕೊಂಡಿರುವ ಹೆಸರು ಪೋರ್ತುಗೀಜರ ಬಾಯಿಂದ ಬಂದುದು. ಮುಂಬಯಿಯ ಬಡವ ಬಲ್ಲಿದರೆಲ್ಲರ ಆಹಾರವಾಗಿರುವ ‘ಪಾವ್’ ಕೂಡ ಅವರದೇ ಮಾತು. ಮೆಣಸಿನಕಾಯಿಯೂ ಅವರ ಹಡಗುಗಳಲ್ಲಿಯೇ ಈ ತೀರಕ್ಕೆ ಬಂದಿತು. ಕನ್ನಡಿಗರು ಮಾತ್ರ ಅದಕ್ಕೆ ಪರದೇಶದ ಹೆಸರನ್ನು ಒಪ್ಪದೆ, ತಮ್ಮ ಮೆಣಸಿನ ಹೆಸರನ್ನೇ ಇಟ್ಟು ಮನೆಯೊಳಗೆ ಸೇರಿಸಿಕೊಂಡರು. ಈ ಮೂರು ಪದಾರ್ಥಗಳೂ ಒಂದೇ ತಟ್ಟೆಯಲ್ಲಿ ಕಲೆಯುವ ಅಡುಗೆಯೊಂದುಂಟು. ಅದು ಗೋವೆಯ ಕ್ರೈಸ್ತರ ಮನೆಗಳಲ್ಲಿ ತಯಾರಾಗುವ ಚೊರೀಸು ಮತ್ತು ಬಟಾಟೆಯ ಪಲ್ಯ.

ಮಾಂಸಾಹಾರವಿಲ್ಲದ ಮನೆಯ ಓದುಗರು ಇಲ್ಲಿಗೇ ಪುಟ ತಿರುವಬೇಕಾಗಿಲ್ಲ. ಹಂದಿಮಾಂಸವನ್ನು ಕಣ್ಣೆತ್ತಿಯೂ ನೋಡದವರಿಗೆ ಸಂಬಂಧಿಸಿದ ಸಂಗತಿಯೊಂದು ಮುಂದೆ ಬರಲಿದೆ.

ಗೋವೆಯ ಚೊರೀಸು ಇಂಗ್ಲಿಷರ ಬೆಳಗಿನ ಉಪಾಹಾರದ ಸಾಸೇಜಿನಂತಹುದಲ್ಲ. ಇದರಲ್ಲಿ ಮಾಂಸವನ್ನು ಅರೆಯುವ ಪದ್ಧತಿಯಿಲ್ಲ. ಹಂದಿಯ ಮಾಂಸವನ್ನೂ ಕೊಬ್ಬನ್ನೂ ಚಿಕ್ಕ ತುಂಡುಗಳಾಗಿ ಹೆಚ್ಚಿ, ಧಾರಾಳವಾಗಿ ಉಪ್ಪು ಸವರಿ, ಒಳಗಿನ ನೀರು ಬಸಿದುಹೋಗುವಂತೆ ಮಾಡುತ್ತಾರೆ. ಬಳಿಕ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಜೀರಿಗೆ, ಅರಿಸಿನ, ಲವಂಗ, ಚಕ್ಕೆ ಇವುಗಳನ್ನು ತೆಂಗಿನ ಕಳ್ಳಿನಿಂದ ತಯಾರಾದ ವಿನೆಗರಿನಲ್ಲಿ ನುಣ್ಣಗೆ ಅರೆದು ಮಾಂಸಕ್ಕೆ ಕಲಸುತ್ತಾರೆ. ಒಂದಿಷ್ಟು ಫೆನಿಯನ್ನು ಸೇರಿಸುವವರಿದ್ದಾರೆ. ಕೆಂಪು ಬಣ್ಣ ಮಾಸದಿರಲೆಂದು ಪೆಟ್ಲುಪ್ಪನ್ನು ಹಾಕುವವರೂ ಇದ್ದಾರೆ. ಶುದ್ಧಮಾಡಿದ ಕರುಳಿನೊಳಗೆ ಈ ಮಿಶ್ರಣವನ್ನು ತುಂಬಿ, ದಾರದಿಂದ ಅಲ್ಲಲ್ಲಿ ಗಂಟು ಹಾಕಿ, ಬಿಸಿಲಿನಲ್ಲಿ ಒಣಗಿಸಿ, ಒಲೆಯ ಮೇಲ್ಗಡೆ ಹೊಗೆ ತಾಗುವಂತೆ ತೂಗುಹಾಕುವುದು ಹಳೆಯ ಕ್ರಮ. ಸಣ್ಣ ಸಣ್ಣ ಮಣಿಗಳಂತೆ ಗಂಟು ಹಾಕಿದವಕ್ಕೆ ಜಪಮಾಲೆಯ ಹೆಸರೇ ಬಂದಿದೆ. ಮಾಪುಸಾ ಪಟ್ಟಣದ ಶುಕ್ರವಾರದ ಸಂತೆಯಲ್ಲಿ ಇಂತಹ ಮಾಲೆಗಳು ಹೂಮಾಲೆಗಳಂತೆಯೇ ಜೋತಾಡುತ್ತಿರುವುದನ್ನು ಪ್ರವಾಸ ಹೋದವರು ಕಂಡಿರಬಹುದು.

ಪೋರ್ತುಗಲ್ಲಿನಲ್ಲಿ ಇದೇ ಪದಾರ್ಥವನ್ನು ದ್ರಾಕ್ಷಾರಸದಲ್ಲಿಯೂ ಖಾರವಿಲ್ಲದ ಕೆಂಪು ಮೆಣಸಿನ ಪುಡಿಯಲ್ಲಿಯೂ ನೆನೆಸುತ್ತಾರೆ. 1510ರಲ್ಲಿ ಗೋವೆ ಅವರ ಕೈಸೇರಿತು; 1961ರವರೆಗೆ ಅವರಲ್ಲೇ ಉಳಿಯಿತು. ದ್ರಾಕ್ಷಿ ಬೆಳೆಯದ ಆ ನೆಲದಲ್ಲಿ ದ್ರಾಕ್ಷಾರಸದ ಸ್ಥಾನವನ್ನು ತೆಂಗಿನ ಕಳ್ಳಿನ ಹುಳಿ ಆಕ್ರಮಿಸಿತು. ಸಪ್ಪೆ ಮೆಣಸಿನ ಬದಲಿಗೆ ನಾಲಗೆ ಚುರುಗುಟ್ಟಿಸುವ ಮೆಣಸಿನಕಾಯಿ ಬಂದಿತು. ಹೆಸರು ಅಲ್ಲಿಯದು, ರುಚಿ ಸಂಪೂರ್ಣವಾಗಿ ಇಲ್ಲಿಯದು.

ಇಷ್ಟೊಂದು ಉಪ್ಪು, ಹುಳಿ, ಹೊಗೆಗಳ ಶ್ರಮವೆಲ್ಲ ಕೇವಲ ರುಚಿಗಾಗಿ ನಡೆದುದಲ್ಲ. ಮಳೆಗಾಲದಲ್ಲಿ ಸಮುದ್ರ ಮುನಿಯುತ್ತದೆ, ಮೀನು ಸಿಗುವುದಿಲ್ಲ, ಸಂತೆಗೆ ಹೋಗುವ ದಾರಿಗಳು ಕೆಸರಾಗುತ್ತವೆ. ಆ ತಿಂಗಳುಗಳಿಗಾಗಿ ಬೇಸಗೆಯಲ್ಲಿಯೇ ಮನೆ ತುಂಬಿಟ್ಟುಕೊಳ್ಳುವುದಕ್ಕೆ ಗೋವೆಯಲ್ಲಿ ‘ಪುರುಮೆಂತ್’ ಎಂಬ ಹೆಸರೇ ಉಂಟು. ಅದೂ ಪೋರ್ತುಗೀಜ್ ಭಾಷೆಯಿಂದ ಬಂದ ಮಾತು. ಕನ್ನಡ ಕರಾವಳಿಯ ಮನೆಗಳಲ್ಲಿ ಹೆಸರು ಬೇರೆಯಾದರೂ ಕೆಲಸ ಅದೇ. ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಾವಿನ ಮಿಡಿ, ಮೀನು ತಿನ್ನುವವರಾದರೆ ಒಣಮೀನು, ಇವೆಲ್ಲ ಅಟ್ಟ ಸೇರಿದ ಮೇಲೆಯೇ ಗೃಹಿಣಿ ಮಳೆಯನ್ನು ಎದುರುನೋಡುತ್ತಿದ್ದಳು. ಚೊರೀಸು ಗೋವೆಯ ಕ್ರೈಸ್ತ ಗೃಹಿಣಿಯ ಸಂಡಿಗೆ ಎಂದರೂ ಸಲ್ಲುತ್ತದೆ. ಗೋವೆಯಿಂದ ಹಲವು ಅಲೆಗಳಲ್ಲಿ ದಕ್ಷಿಣಕ್ಕೆ ವಲಸೆ ಬಂದ ಮಂಗಳೂರಿನ ಕ್ರೈಸ್ತರ ಹಂದಿಮಾಂಸದ ಅಡುಗೆಯಲ್ಲಿಯೂ, ಅವರಿಗೆ ಯಾವ ಸಂಬಂಧವೂ ಇಲ್ಲದ ಕೊಡವರ ಪಂದಿಕರಿಯಲ್ಲಿ ಬೀಳುವ ಕಾಚಂಪುಳಿಯಲ್ಲಿಯೂ ಹುಳಿಯೇ ಮುಂದು. ಕೊಬ್ಬಿನ ಜಿಡ್ಡನ್ನು ನಾಲಗೆಯಿಂದ ಬಿಡಿಸುವುದಕ್ಕೆ ಹುಳಿಗಿಂತ ಮಿಗಿಲಾದುದಿಲ್ಲ.

ಹಡಗುಗಳಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ಗೋವೆಯ ನಾವಿಕರು ಧೋಬಿತಲಾವ್, ಗಿರಗಾಂವ್, ಮಜಗಾಂವ್ ಭಾಗಗಳಲ್ಲಿ ತಮ್ಮ ತಮ್ಮ ಊರಿನವರ ‘ಕುಡ್’ಗಳಲ್ಲಿ ತಂಗುತ್ತಿದ್ದರು. ಊರಿನಿಂದ ಬಂದವರಿಗೆ ಊರಿನವರೇ ಆಸರೆಯಾಗುವ ಈ ಕ್ರಮ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಆ ಸುತ್ತಿನ ಅಂಗಡಿಗಳ ಮೂಲಕ ಚೊರೀಸು ಮುಂಬಯಿಗೂ ಪರಿಚಿತವಾಯಿತು.

ಇನ್ನು ಅಡುಗೆಯ ವಿಷಯ. ಇದರ ಜಾಣ್ಮೆಯೆಲ್ಲ ಅಡಗಿರುವುದು ಬಟಾಟೆಯಲ್ಲಿ. ಕಾಪಿಡಲೆಂದು ಉಪ್ಪು ಹಾಕಿದ ಮಾಂಸವನ್ನು ಉಪ್ಪಿನಕಾಯಿಯಂತೆ ಬಳಸಬೇಕು. ಉಪ್ಪಿನಕಾಯಿಯನ್ನು ಯಾರೂ ಬಟ್ಟಲು ತುಂಬ ಹಾಕಿಕೊಳ್ಳುವುದಿಲ್ಲ. ಐದು ಜನರ ಸಂಸಾರಕ್ಕೆ 200 ಗ್ರಾಂ ಚೊರೀಸು, 1 ಕಿಲೋ ಬಟಾಟೆ, ನಾಲ್ಕು ದೊಡ್ಡ ಈರುಳ್ಳಿ, ಎರಡು ಮೂರು ಹಸಿಮೆಣಸಿನಕಾಯಿ ಸಾಕು. ತಲೆಗೆ 40 ಗ್ರಾಂ ಮಾಂಸ ಬಿತ್ತು. ಹೊಟ್ಟೆ ತುಂಬಿಸುವ ಹೊಣೆ ಬಟಾಟೆಯದು. ಇಂದು ಕೈಯಲ್ಲಿ ಹಣವಿರುವವರು ಈ ಲೆಕ್ಕವನ್ನು ತಲೆಕೆಳಗು ಮಾಡಿ, ಮಾಂಸದ ನಡುವೆ ಅಲಂಕಾರಕ್ಕೆಂದು ನಾಲ್ಕು ಹೋಳು ಬಟಾಟೆ ಹಾಕುವುದುಂಟು. ಅದರಿಂದ ರುಚಿ ಕೆಡುತ್ತದೆ, ಆರೋಗ್ಯವೂ ಕೆಡುತ್ತದೆ.

ಪಾಶ್ಚಾತ್ಯರು ಇಂತಹ ಒಂದೇ ಪಾತ್ರೆಯ ಅಡುಗೆಯನ್ನು ಕ್ಯಾಸರೋಲ್ ಎಂದು ಕರೆಯುತ್ತಾರೆ. ಭಾರತದ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿಯನ್ನು ಬಿಸಿಯಾಗಿಡುವ ಡಬ್ಬಿಯಾಗಿಬಿಟ್ಟಿದೆ! ಇದಕ್ಕೆ ಆ ಡಬ್ಬಿಯೂ ಬೇಡ, ಓವನ್ ಕೂಡ ಬೇಡ. ಮುಚ್ಚಳವುಳ್ಳ ಮಣ್ಣಿನ ಗಡಿಗೆಯೋ ದಪ್ಪ ತಳದ ಸ್ಟೀಲ್ ಪಾತ್ರೆಯೋ ಇದ್ದರಾಯಿತು. ಹುಳಿಯಿರುವುದರಿಂದ ಬರಿಯ ಅಲ್ಯುಮಿನಿಯಂ ಪಾತ್ರೆ ಸಲ್ಲದು.

ಬಟಾಟೆಯನ್ನು ಮೊದಲು ಬೇರೆಯಾಗಿ ಮುಕ್ಕಾಲು ಪಾಲು ಬೇಯಿಸಿಕೊಳ್ಳಬೇಕು. ಹುಣಿಸೆಹುಳಿಯನ್ನು ಮೊದಲೇ ಹಿಂಡಿದರೆ ಹೋಳು ಬೇಯುವುದಿಲ್ಲವೆಂಬುದು ಸಾರು ಹುಳಿ ಮಾಡುವ ಪ್ರತಿಯೊಬ್ಬ ಕನ್ನಡ ಗೃಹಿಣಿಗೂ ಗೊತ್ತು. ವಿನೆಗರಿನ ಹುಳಿಯೂ ಅದೇ ಜಾತಿಯದು. ಹಸಿ ಬಟಾಟೆಯನ್ನು ಅದರೊಳಗೆ ಹಾಕಿದರೆ ಹೊರಗೆ ಕೆಂಪಾಗಿ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಅತ್ತ ಬಟಾಟೆ ಬೇಯುತ್ತಿರುವಾಗ ಇತ್ತ ಚೊರೀಸಿನ ದಾರವನ್ನೂ ಹೊರಗಿನ ಪೊರೆಯನ್ನೂ ತೆಗೆದು, ಒಳಗಿನ ತುಂಡುಗಳನ್ನು ಬಿಡಿಸಿ, ಹೆಚ್ಚಿದ ಈರುಳ್ಳಿ ಮತ್ತು ಒಂದೂವರೆ ಲೋಟ ನೀರಿನೊಡನೆ ಒಲೆಗೇರಿಸಬೇಕು. ಎಣ್ಣೆ ಹಾಕಬಾರದು, ಉಪ್ಪು ಹಾಕಬಾರದು. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬೇಯಿಸಿದರೆ ಕೆಂಪು ಕೊಬ್ಬು ಮೇಲೆ ತೇಲುತ್ತದೆ. ಮನೆಯಲ್ಲಿ ಹೃದ್ರೋಗಿಗಳಿರಲಿ, ಇಲ್ಲದಿರಲಿ, ಅದರಲ್ಲಿ ಒಂದು ಚಮಚದಷ್ಟನ್ನು ಬಣ್ಣಕ್ಕಾಗಿ ಉಳಿಸಿ ಮಿಕ್ಕುದನ್ನು ಸೌಟಿನಿಂದ ತೆಗೆದುಬಿಡುವುದು ಲೇಸು. ಅನಂತರ ಸಿಪ್ಪೆ ಸುಲಿದು ದೊಡ್ಡ ಹೋಳುಗಳಾಗಿಸಿದ ಬಟಾಟೆಯನ್ನೂ ಸೀಳಿದ ಹಸಿಮೆಣಸಿನಕಾಯಿಯನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಇನ್ನೊಂದು ಕಾಲು ಗಂಟೆ ಇಡಬೇಕು. ಒಂದೆರಡು ಹೋಳನ್ನು ಸೌಟಿನ ಬೆನ್ನಿನಿಂದ ಜಜ್ಜಿದರೆ ರಸ ತಾನಾಗಿ ಗಟ್ಟಿಯಾಗುತ್ತದೆ.

ಇಲ್ಲೊಂದು ಮಾತು. ಗೋವೆಯ ಇನ್ನೊಂದು ಪ್ರಸಿದ್ಧ ಅಡುಗೆಯಾದ ವಿಂದಾಲೂವಿನಲ್ಲಿ ‘ಆಲೂ’ ಎಂಬ ಸದ್ದು ಕೇಳಿ ಹೋಟೆಲಿನವರು ಅದಕ್ಕೂ ಬಟಾಟೆ ಸೇರಿಸುವುದುಂಟು. ಆ ಹೆಸರು ಬಂದಿರುವುದು ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯನ್ನು ಸೂಚಿಸುವ ಪೋರ್ತುಗೀಜ್ ಮಾತುಗಳಿಂದ; ಆಲೂಗಡ್ಡೆಗೂ ಅದಕ್ಕೂ ನಂಟಿಲ್ಲ.

ಉಪ್ಪು ಹೆಚ್ಚಾದ ಸಾರಿಗೆ ಬಟಾಟೆ ಹಾಕಿದರೆ ಅದು ಉಪ್ಪನ್ನು ಹೀರಿಬಿಡುತ್ತದೆಂಬ ನಂಬಿಕೆ ಎಲ್ಲೆಡೆಯೂ ಇದೆ. ಹೀರುವುದು ನಿಜ, ಆದರೆ ಹೀರಿದ ಉಪ್ಪು ಬಟಾಟೆಯೊಡನೆ ತಿನ್ನುವವರ ಹೊಟ್ಟೆಗೇ ಹೋಗುತ್ತದೆ. ಈ ಪಲ್ಯದಲ್ಲಿ ಉಪ್ಪು ಮಾಯವಾಗುವುದಿಲ್ಲ, ಐದು ಜನರಲ್ಲಿ ಹಂಚಿಹೋಗುತ್ತದೆ ಅಷ್ಟೆ. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೊತೆಗೆ ತಿನ್ನುವ ಪಾವಿನಲ್ಲಿಯೂ ಉಪ್ಪಿರುವುದರಿಂದ, ಈ ಪಲ್ಯ ಮಾಡಿದ ದಿನ ಹಪ್ಪಳ ಉಪ್ಪಿನಕಾಯಿಗಳಿಗೆ ರಜೆ ಕೊಡಬೇಕು. ರಕ್ತದ ಒತ್ತಡವುಳ್ಳ ಹಿರಿಯರಿಗೆ ಬಟಾಟೆಯ ಹೋಳುಗಳನ್ನು ಬಡಿಸಿ ರಸವನ್ನು ಕಡಿಮೆ ಮಾಡಬೇಕು. ಮಧುಮೇಹಿಗಳಿದ್ದರೆ ಅರ್ಧದಷ್ಟು ಬಟಾಟೆಯ ಬದಲಿಗೆ ಬೇಯಿಸಿದ ಅಲಸಂದೆಯನ್ನು ಹಾಕಬಹುದು. ಗೋವೆಯಲ್ಲಿ ಚೊರೀಸಿಗೆ ಕಾಳು ಸೇರಿಸಿ ಮಾಡುವ ‘ಫೈಜೋಆದ’ ಹೇಗೂ ಇದೆ. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಪಥ್ಯದಲ್ಲಿರುವವರು ವೈದ್ಯರನ್ನು ಕೇಳದೆ ಬಟಾಟೆಗೆ ಕೈಹಾಕಬಾರದು.

ಈಗ ಮೊದಲೇ ಹೇಳಿದ ಸಂಗತಿ. ಹಂದಿಮಾಂಸದಲ್ಲಿ ‘ಟೀನಿಯಾ ಸೋಲಿಯಂ’ ಎಂಬ ಲಾಡಿಹುಳುವಿನ ಮರಿಗಳು ಸಣ್ಣ ಗುಳ್ಳೆಗಳ ರೂಪದಲ್ಲಿ ಅಡಗಿರಬಹುದು. ಸರಿಯಾಗಿ ಬೇಯದ ಮಾಂಸ ತಿಂದವನ ಕರುಳಿನಲ್ಲಿ ಅದು ಮೀಟರುಗಟ್ಟಲೆ ಉದ್ದದ ಹುಳುವಾಗಿ ಬೆಳೆಯುತ್ತದೆ. ಅವನಿಗೆ ಅದರಿಂದ ಹೇಳಿಕೊಳ್ಳುವಂತಹ ತೊಂದರೆ ಆಗದೆಯೂ ಇರಬಹುದು. ಆದರೆ ಅವನ ಮಲದೊಡನೆ ಸಾವಿರಾರು ಮೊಟ್ಟೆಗಳು ಹೊರಬೀಳುತ್ತವೆ. ಆ ಮೊಟ್ಟೆಗಳು ತೊಳೆಯದ ಕೈ, ಕೊಳಚೆ ನೀರು, ಹಸಿ ಸೊಪ್ಪು ತರಕಾರಿಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ, ಒಡೆದು ಹೊರಬಂದ ಮರಿಗಳು ರಕ್ತದೊಡನೆ ಹರಿದು ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತವೆ. ನ್ಯೂರೋಸಿಸ್ಟಿಸರ್ಕೋಸಿಸ್ ಎಂಬ ಈ ರೋಗ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಮೂರ್ಛೆರೋಗಕ್ಕೆ ಒಂದು ಮುಖ್ಯ ಕಾರಣ. ಗಮನಿಸಬೇಕಾದುದೇನೆಂದರೆ, ಮಿದುಳಿನ ರೋಗ ಬರುವುದು ಮೊಟ್ಟೆಯಿಂದ, ಮಾಂಸದಿಂದಲ್ಲ. ಜನ್ಮದಲ್ಲಿ ಮಾಂಸ ಮುಟ್ಟದವನಿಗೂ ಅದು ಬರಬಲ್ಲುದು, ಬರುತ್ತಲೂ ಇದೆ. ಧರ್ಮದ ಕಟ್ಟಳೆಯಂತೆ ಹಂದಿಮಾಂಸವನ್ನು ವರ್ಜಿಸಿದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದ್ಯರಲ್ಲಿ ಈ ರೋಗ ಕಂಡುಬಂದುದನ್ನು 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ವರದಿ ಮಾಡಿತು.

ಆದುದರಿಂದ ಒಂದು ಮನೆಯಲ್ಲಿ ಹಂದಿಮಾಂಸ ಚೆನ್ನಾಗಿ ಬೆಂದರೆ ಅದರ ಪ್ರಯೋಜನ ನೆರೆಯ ಸಸ್ಯಾಹಾರಿಗೂ ಸಲ್ಲುತ್ತದೆ. ಉಪ್ಪು, ವಿನೆಗರು, ಬಿಸಿಲುಗಳನ್ನು ಮಾತ್ರ ನಂಬಿ, ಚೊರೀಸನ್ನು ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ ತಿನ್ನುವುದು ಸರಿಯಲ್ಲ. ಮೇಲೆ ಹೇಳಿದ ಅರ್ಧ ಗಂಟೆಯ ಕುದಿತ ಈ ಕಾರಣಕ್ಕೂ ಬೇಕು. ಹಸಿ ಚೊರೀಸು ಹೆಚ್ಚಿದ ಮಣೆಯ ಮೇಲೆ ಕೋಸಂಬರಿಯ ಸೌತೆಕಾಯಿ ಹೆಚ್ಚಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ಟುಗಳನ್ನು ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯಬೇಕು. ಶೌಚದ ಬಳಿಕ, ಅಡುಗೆಗೆ ಮೊದಲು, ಮನೆಯವರಿರಲಿ ಕೆಲಸದವರಿರಲಿ, ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು.

ಮಾಂಸ ಕಾಪಿಡುವ ಕೆಲಸ ಕೆಟ್ಟರೆ ಇನ್ನೊಂದು ವಿಪತ್ತೂ ಉಂಟು. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಸಾಸೇಜು ತಿಂದು ಜನ ಸಾಯುತ್ತಿದ್ದುದನ್ನು ಕವಿಯೂ ವೈದ್ಯನೂ ಆಗಿದ್ದ ಯುಸ್ಟಿನುಸ್ ಕೆರ್ನರ್ ಅಭ್ಯಸಿಸಿ, 1820 ಮತ್ತು 1822ರಲ್ಲಿ ಗ್ರಂಥಗಳನ್ನು ಪ್ರಕಟಿಸಿದ. ಆ ವಿಷಬಾಧೆಗೆ ಇಂದಿರುವ ‘ಬಾಟ್ಯುಲಿಸಂ’ ಎಂಬ ಹೆಸರು ಸಾಸೇಜಿನ ಲ್ಯಾಟಿನ್ ಪದದಿಂದಲೇ ಬಂದುದು. ಚೆನ್ನಾಗಿ ಒಣಗಿದ, ಹುಳಿ ಉಪ್ಪು ಹಿಡಿದ ಚೊರೀಸಿನಲ್ಲಿ ಆ ಕ್ರಿಮಿ ಬೆಳೆಯುವುದು ಕಷ್ಟ. ಆದರೆ ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮುಂಬಯಿಯ ಸೆಕೆಯಲ್ಲಿ ತೂಗುಹಾಕಿದ್ದರೆ ಕೊಳ್ಳದಿರುವುದು ಜಾಣತನ. ಪಾಕೀಟು ಉಬ್ಬಿದ್ದರೆ ಹಣ ಹೋಯಿತೆಂದು ಮರುಗದೆ ಎಸೆದುಬಿಡಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ದಿನನಿತ್ಯ ತಿನ್ನುವ ವಸ್ತು ಇದಲ್ಲ. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಾಸೇಜು, ಹ್ಯಾಮ್, ಬೇಕನ್ ಮುಂತಾದ ಸಂಸ್ಕರಿಸಿದ ಮಾಂಸಗಳನ್ನು ಕ್ಯಾನ್ಸರಿಗೆ ಕಾರಣವಾಗುವುದು ಖಚಿತವಾದ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ದಿನಕ್ಕೆ 50 ಗ್ರಾಮಿನಂತೆ ತಿನ್ನುವವರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ ಸಂಭವ ಶೇಕಡ 18ರಷ್ಟು ಹೆಚ್ಚುತ್ತದೆಂದು ಅದರ ಅಂದಾಜು. ಹೊಗೆಸೊಪ್ಪೂ ಅದೇ ವರ್ಗದಲ್ಲಿರುವುದನ್ನು ಕಂಡು ಎರಡೂ ಸಮಾನ ಅಪಾಯಕಾರಿಯೆಂದು ಕೆಲವರು ಗಾಬರಿಯಾದರು. ಆ ವರ್ಗೀಕರಣ ತಿಳಿಸುವುದು ಸಾಕ್ಷ್ಯ ಎಷ್ಟು ಬಲವಾಗಿದೆಯೆಂಬುದನ್ನು. ಅಪಾಯದ ಪ್ರಮಾಣ ಬೇರೆ ಮಾತು. ತಿಂಗಳಿಗೊಮ್ಮೆ 40 ಗ್ರಾಂ ತಿನ್ನುವವನ ಸ್ಥಿತಿ ದಿನವೂ 50 ಗ್ರಾಂ ತಿನ್ನುವವನದರಂತಲ್ಲ. ಆದರೆ ಮಕ್ಕಳ ಶಾಲೆಯ ಡಬ್ಬಿಗೆ ಬೆಳಗಿನ ಅವಸರದಲ್ಲಿ ದಿನವೂ ಸಾಸೇಜು ತುಂಬುವ ಮನೆಗಳು ಈಗ ಮಹಾನಗರಗಳಲ್ಲಿ ವಿರಳವಲ್ಲ. ಈ ಅಂಕಿಗಳು ಮುಖ್ಯವಾಗಿ ಅಂಥವರಿಗೆ.

ಮಾಡಿದ ಪಲ್ಯವನ್ನು ಅರ್ಧ ಗಂಟೆ ಮುಚ್ಚಿಟ್ಟು ಬಡಿಸಿದರೆ ರಸ ಹೋಳುಗಳಿಗೆ ಹಿಡಿಯುತ್ತದೆ. ಉಳಿದುದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಮರುದಿನ ತಿನ್ನುವಷ್ಟನ್ನು ಮಾತ್ರ ತೆಗೆದು, ಹಬೆಯಾಡುವಂತೆ ಕಾಯಿಸಬೇಕು. ಮೊದಲ ದಿನಕ್ಕಿಂತ ಎರಡನೆಯ ದಿನ ರುಚಿ ಹೆಚ್ಚೆಂದು ಗೋವೆಯವರು ಹೇಳುತ್ತಾರೆ. ಅದನ್ನೇ ಪಾವಿನ ನಡುವೆ ತುಂಬಿ ಹಸಿ ಈರುಳ್ಳಿಯೊಡನೆ ಕೊಟ್ಟರೆ, ಮಕ್ಕಳು ಎರಡನೆಯ ಪಾವಿಗೆ ಕೈ ನೀಡದೆ ಇರಲಾರರು.